ಲಕ್ರಾಸ್ ಕಲಿಯಬೇಕಾ? ಮೊದಲು ಒಂದು ಗೋಡೆ ಹುಡುಕಿ

ದಾವಣಗೆರೆಯ ಹೈಸ್ಕೂಲ್ ಮೈದಾನದ ಮೂಲೆಯಲ್ಲಿ ತುದಿಗೆ ಬಲೆ ಕಟ್ಟಿದ ಕೋಲು ಹಿಡಿದು ನಿಂತು ನೋಡಿ. ಹತ್ತು ನಿಮಿಷಕ್ಕೊಬ್ಬರು ಬಂದು ಕೇಳುತ್ತಾರೆ: "ಇದೇನ್ರೀ, ಮೀನು ಹಿಡಿಯೋದಾ?" ಆಟ ಅಂತ ಗೊತ್ತಾದ ಮೇಲೆ ಪ್ರಶ್ನೆಗಳು ಶುರು. ಇದು ಹಾಕಿ ತರಹವಾ? ಕೋಲು ಎಲ್ಲಿ ಸಿಗುತ್ತದೆ? ಕ್ರಿಕೆಟ್ ಚೆಂಡು ನಡೆಯುತ್ತದಾ? ಮಗಳನ್ನು ಕಳಿಸಬಹುದಾ, ಏಟು ಬೀಳುತ್ತದಾ? ಹರಿಹರ, ಚಿತ್ರದುರ್ಗ, ಹಿರಿಯೂರಿನಿಂದಲೂ ಇದೇ ಪ್ರಶ್ನೆಗಳು ಬರುತ್ತವೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಯಿತು. ಎಲ್ಲ ಒಂದೇ ಕಡೆ ಇರಲಿ ಎಂದು ಇದನ್ನು ಬರೆದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸಬರು ಮಾಡುವ ದೊಡ್ಡ ತಪ್ಪು, ಮೊದಲ ದಿನವೇ ತಂಡ ಕಟ್ಟಿ ಮ್ಯಾಚ್ ಆಡಲು ಇಳಿಯುವುದು. ಕ್ರಿಕೆಟ್‌ನಲ್ಲಿ, ಕಬಡ್ಡಿಯಲ್ಲಿ ಅದು ನಡೆಯುತ್ತದೆ. ಏನೂ ಬಾರದವನೂ ಬ್ಯಾಟ್ ಬೀಸಿ ಒಂದು ರನ್ ತೆಗೆಯಬಹುದು. ಲಕ್ರಾಸ್‌ನಲ್ಲಿ ಚೆಂಡು ಬಲೆಯಲ್ಲಿ ನಿಲ್ಲುವವರೆಗೆ ಆಟವೇ ಇಲ್ಲ. ಹನ್ನೆರಡು ಜನ ಒಂದು ಚೆಂಡಿನ ಹಿಂದೆ ಬಗ್ಗಿಕೊಂಡು ಓಡುತ್ತಾರೆ, ಅರ್ಧ ಗಂಟೆಯಲ್ಲಿ ಬೇಜಾರಾಗಿ ಕೋಲು ಬಿಸಾಕುತ್ತಾರೆ. ಅದಕ್ಕೇ ಇಲ್ಲಿ ಮ್ಯಾಚ್ ಕೊನೆಯ ಹಂತದಲ್ಲಿ ಬರುತ್ತದೆ. ಮೊದಲ ತಿಂಗಳು ನೀವು, ಒಂದು ಕೋಲು, ಒಂದು ಚೆಂಡು, ಒಂದು ಗೋಡೆ. ಇಷ್ಟೇ.

ಹಂತ 1: ಇದು ಯಾವ ಆಟ ಎಂದು ತಿಳಿಯಿರಿ

ಲಕ್ರಾಸ್ ಹಾಕಿಯ ತಮ್ಮನಲ್ಲ. ಹಾಕಿಯಲ್ಲಿ ಚೆಂಡು ಹೆಚ್ಚಾಗಿ ನೆಲದ ಮೇಲಿರುತ್ತದೆ, ಕೋಲಿನಿಂದ ಅದನ್ನು ಹೊಡೆಯುತ್ತಾರೆ. ಇಲ್ಲಿ ಚೆಂಡು ಬಲೆಯಲ್ಲಿರಬೇಕು, ಇಲ್ಲವೇ ಗಾಳಿಯಲ್ಲಿರಬೇಕು. ಬಲೆಯಲ್ಲಿ ಹಿಡಿಯುತ್ತೀರಿ, ಹೊತ್ತುಕೊಂಡು ಓಡುತ್ತೀರಿ, ಜೊತೆಗಾರರಿಗೆ ಎಸೆಯುತ್ತೀರಿ, ಕೊನೆಗೆ ಎದುರಾಳಿಯ ಗೋಲಿಗೆ ಹಾಕುತ್ತೀರಿ. ಗೋಲ್‌ಕೀಪರ್ ಬಿಟ್ಟು ಉಳಿದವರು ಚೆಂಡನ್ನು ಕೈಯಿಂದ ಮುಟ್ಟುವಂತಿಲ್ಲ.

ಇದು ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ. ಅವರಲ್ಲಿ ಹೌಡೆನೊಶೋನಿ ಜನ (ಹಳೆಯ ಪುಸ್ತಕಗಳಲ್ಲಿ ಇರಕ್ವಾ ಎಂಬ ಹೆಸರಿದೆ) ಇದನ್ನು ಸೃಷ್ಟಿಕರ್ತ ಕೊಟ್ಟ ಆಟ ಎನ್ನುತ್ತಾರೆ. ಯಾರಿಗಾದರೂ ಕಾಯಿಲೆಯಾದರೆ ವಾಸಿಯಾಗಲಿ ಎಂದು ಆಡುವ ಪದ್ಧತಿಯೂ ಅವರಲ್ಲಿದೆ. ದೇವರ ಹೆಸರಿನಲ್ಲಿ ಜಾತ್ರೆ ಕುಸ್ತಿ ಆಡಿಸುವ ನಮಗೆ ಇದೇನು ವಿಚಿತ್ರವಲ್ಲ. 1630ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಈ ಆಟ ನೋಡಿ ಬರೆದಿಟ್ಟರು. ಲಕ್ರಾಸ್ ಎಂಬ ಹೆಸರು ಬಂದಿದ್ದು ಕೋಲಿಗಿರುವ ಫ್ರೆಂಚ್ ಪದದಿಂದ. 1867ರಲ್ಲಿ ಮಾಂಟ್ರಿಯಲ್‌ನ ವಿಲಿಯಂ ಜಾರ್ಜ್ ಬಿಯರ್ಸ್ ಎಂಬ ಹಲ್ಲಿನ ಡಾಕ್ಟರು ನಿಯಮಗಳನ್ನು ಬರೆದು ಈಗಿನ ರೂಪ ಕೊಟ್ಟರು. ಹಲ್ಲು ಉದುರಿಸುವ ಆಟಕ್ಕೆ ಹಲ್ಲಿನ ಡಾಕ್ಟರೇ ನಿಯಮ ಬರೆದದ್ದು ತಮಾಷೆ ಅಲ್ವಾ?

1904 ಮತ್ತು 1908ರ ಒಲಿಂಪಿಕ್ಸ್‌ನಲ್ಲಿ ಲಕ್ರಾಸ್‌ಗೆ ಪದಕ ಇತ್ತು, ಎರಡು ಸಲವೂ ಚಿನ್ನ ಕೆನಡಾಕ್ಕೆ ಹೋಯಿತು. ಆಮೇಲೆ ಪದಕದ ಪಟ್ಟಿಯಿಂದ ಬಿಟ್ಟುಹೋಯಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಅದು ವಾಪಸ್ ಬರುತ್ತಿದೆ. ಆ ತೀರ್ಮಾನ ಆಗಿದ್ದು ನಮ್ಮ ಮುಂಬೈಯಲ್ಲಿ, 2023ರ ಅಕ್ಟೋಬರ್‌ನಲ್ಲಿ ನಡೆದ ಒಲಿಂಪಿಕ್ ಸಮಿತಿಯ ಸಭೆಯಲ್ಲಿ. ಅದೇ ಸಭೆಯಲ್ಲಿ ಕ್ರಿಕೆಟ್‌ಗೂ ಒಪ್ಪಿಗೆ ಸಿಕ್ಕಿದ್ದರಿಂದ ನಮ್ಮ ಪೇಪರ್‌ಗಳಲ್ಲಿ ಲಕ್ರಾಸ್ ಒಂದು ಸಾಲಿಗೇ ಮುಗಿದುಹೋಯಿತು.

ಹಂತ 2: ಯಾವ ಬಗೆ ಆಡುತ್ತೀರಿ, ತೀರ್ಮಾನಿಸಿ

ಯೂಟ್ಯೂಬ್‌ನಲ್ಲಿ ಒಂದು ವಿಡಿಯೋ ನೋಡಿ ಇನ್ನೊಂದು ನೋಡಿದರೆ ನಿಯಮವೇ ಬೇರೆ ಕಾಣುತ್ತದೆ. ಗೊಂದಲಕ್ಕೆ ಕಾರಣ, ಈ ಆಟದಲ್ಲಿ ಬಗೆಗಳು ನಾಲ್ಕು.

ಪುರುಷರ ಫೀಲ್ಡ್ ಲಕ್ರಾಸ್‌ನಲ್ಲಿ ತಂಡಕ್ಕೆ 10 ಜನ. ಮೈದಾನ ಸುಮಾರು 100 ಮೀಟರ್ ಉದ್ದ, 55 ಮೀಟರ್ ಅಗಲ. ಚೆಂಡು ಹೊತ್ತವನಿಗೆ ಎದುರಿನಿಂದಲೋ ಪಕ್ಕದಿಂದಲೋ ಮೈಯಿಂದ ಡಿಕ್ಕಿ ಹೊಡೆಯಬಹುದು. ಮಹಿಳೆಯರ ಫೀಲ್ಡ್ ಲಕ್ರಾಸ್‌ನಲ್ಲಿ ಆ ರೀತಿ ಮೈ ತಾಗಿಸುವಂತಿಲ್ಲ, ಹಾಗಾಗಿ ರಕ್ಷಾಕವಚವೂ ಕಮ್ಮಿ. ಬಾಕ್ಸ್ ಲಕ್ರಾಸ್ ಎಂದರೆ ಸುತ್ತ ಗೋಡೆಯಿರುವ ಒಳಾಂಗಣದ ಆಟ. ಕೆನಡಾದಲ್ಲಿ ಬೇಸಿಗೆಯಲ್ಲಿ ಖಾಲಿ ಬಿದ್ದಿರುತ್ತಿದ್ದ ಐಸ್ ಹಾಕಿ ಅಂಗಣಗಳಲ್ಲಿ ಇದು ಬೆಳೆಯಿತು.

ನಾಲ್ಕನೆಯದು ಸಿಕ್ಸಸ್. ಒಲಿಂಪಿಕ್ಸ್‌ಗೆ ಬರುತ್ತಿರುವುದು ಇದೇ. ಕೀಪರ್ ಸೇರಿ ತಂಡಕ್ಕೆ 6 ಜನ. ಮೈದಾನ 70 ಮೀಟರ್ ಉದ್ದ, 36 ಮೀಟರ್ ಅಗಲ. 8 ನಿಮಿಷದ ನಾಲ್ಕು ಅವಧಿ. ಚೆಂಡು ಕೈಗೆ ಬಂದ 30 ಸೆಕೆಂಡಿನೊಳಗೆ ಗೋಲಿಗೆ ಎಸೆಯಲೇಬೇಕು, ಇದಕ್ಕೆ ಶಾಟ್ ಕ್ಲಾಕ್ ಎನ್ನುತ್ತಾರೆ. ಟೆಸ್ಟ್ ಕ್ರಿಕೆಟ್‌ಗೆ ಟಿ20 ಹೇಗೋ ಫೀಲ್ಡ್ ಲಕ್ರಾಸ್‌ಗೆ ಸಿಕ್ಸಸ್ ಹಾಗೆ.

ನಮ್ಮ ಕಡೆಯವರು ಸುಮ್ನೆ ತಲೆ ಕೆಡಿಸಿಕೊಳ್ಳದೆ ಸಿಕ್ಸಸ್ ಆರಿಸಿಕೊಳ್ಳುವುದು ಒಳ್ಳೆಯದು. ಇಪ್ಪತ್ತು ಜನರನ್ನು ಒಂದೇ ಸಂಜೆ ಸೇರಿಸುವುದು ಆಗದ ಮಾತು, ಹನ್ನೆರಡು ಜನ ಹೇಗೋ ಸಿಗುತ್ತಾರೆ. ಹೈಸ್ಕೂಲ್ ಮೈದಾನದ ಅರ್ಧ ಜಾಗ ಸಾಕು, ಉಳಿದರ್ಧದಲ್ಲಿ ಕ್ರಿಕೆಟ್‌ನವರು ಇದ್ದೇ ಇರುತ್ತಾರೆ. ಹಾಗೆಯೇ, ಗಂಡುಮಕ್ಕಳಿರಲಿ ಹೆಣ್ಣುಮಕ್ಕಳಿರಲಿ, ಮೊದಲ ಆರು ತಿಂಗಳು ಮೈ ತಾಗಿಸದೆ ಆಡಿ. ಇದು ನಿಯಮಪುಸ್ತಕದ ಮಾತಲ್ಲ, ನನ್ನ ಮಾತು.

ಹಂತ 3: ಸಾಮಾನು ಹೊಂದಿಸಿ

ಕೋಲಿನಿಂದ ಶುರು ಮಾಡೋಣ. ಕೋಲಿಗೆ ಎರಡು ಭಾಗ. ಕೈಯಲ್ಲಿ ಹಿಡಿಯುವ ಉದ್ದ ಭಾಗ ಶಾಫ್ಟ್, ಸಾಮಾನ್ಯವಾಗಿ ಟೊಳ್ಳು ಅಲ್ಯೂಮಿನಿಯಂ ಅಥವಾ ಕಾರ್ಬನ್ ಫೈಬರ್‌ನದು. ತುದಿಯ ಪ್ಲಾಸ್ಟಿಕ್ ಚೌಕಟ್ಟು ಹೆಡ್. ಹೆಡ್‌ಗೆ ಹೆಣೆದ ಬಲೆಯಲ್ಲಿ ಚೆಂಡು ಕೂರುವ ತಗ್ಗಿದೆಯಲ್ಲ, ಅದು ಪಾಕೆಟ್. ನಾನು ಮಕ್ಕಳಿಗೆ ಜೋಳಿಗೆ ಅನ್ನುತ್ತೇನೆ, ಇನ್ನು ಮುಂದೆ ಇಲ್ಲಿಯೂ ಹಾಗೇ ಬರೆಯುತ್ತೇನೆ. ಪುರುಷರ ಗಿಡ್ಡ ಕೋಲು 40ರಿಂದ 42 ಇಂಚು. ಫೀಲ್ಡ್ ಆಟದ ರಕ್ಷಕರು 6 ಅಡಿವರೆಗಿನ ಉದ್ದ ಕೋಲು ಹಿಡಿಯುತ್ತಾರೆ, ಸಿಕ್ಸಸ್‌ನಲ್ಲಿ ಅದಿಲ್ಲ. ಮಹಿಳೆಯರ ಕೋಲಿನ ಜೋಳಿಗೆ ಆಳ ಕಮ್ಮಿ. ಅಡ್ಡಲಾಗಿ ಹಿಡಿದು ನೋಡಿದರೆ ಚೆಂಡಿನ ನೆತ್ತಿ ಹೆಡ್‌ನ ಅಂಚಿಗಿಂತ ಮೇಲೆ ಕಾಣಬೇಕು.

ನಮ್ಮ ಊರಿನ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಕೇಳಿದರೆ ಹಾಕಿ ಸ್ಟಿಕ್ ತೆಗೆದು ತೋರಿಸುತ್ತಾರೆ. ಆನ್‌ಲೈನ್‌ನಲ್ಲೇ ತರಿಸಬೇಕು. ಅಲ್ಲಿ ಮೂರು ವಿಷಯ ನೋಡಿ. ಬಲೆ ಹೆಣೆದಿರುವ ಕೋಲೇ ಬೇಕು, ಬರೀ ಹೆಡ್ ತರಿಸಿದರೆ ಹೆಣೆಯುವುದು ನಿಮ್ಮ ಪಾಲಿಗೆ ಬರುತ್ತದೆ. ಗೊಂಬೆ ಅಂಗಡಿಯ ಪುಟಾಣಿ ಕೋಲೂ ಅದೇ ಪುಟದಲ್ಲಿ ಕಾಣುತ್ತದೆ, ಅಳತೆ ಓದದೆ ಹಣ ಕಟ್ಟಬೇಡಿ. ಹೊರದೇಶದಿಂದ ಬರುವ ಮಾಲಿಗೆ ಸಾಗಣೆ ಖರ್ಚು, ಸುಂಕ ಸೇರಿದರೆ ಕೋಲಿಗಿಂತ ಅದೇ ಜಾಸ್ತಿ ಆಗಬಹುದು. ನಾಲ್ಕೈದು ಜನ ಸೇರಿ ಒಟ್ಟಿಗೆ ತರಿಸಿಕೊಳ್ಳಿ.

ಹರಿಹರದ ಒಬ್ಬರು ಕೇಳಿದ್ದರು: ಹೊಳೆಯಲ್ಲಿ ಹಾಕುವ ಮೀನು ಬಲೆಯನ್ನೇ ಹೆಡ್‌ಗೆ ಕಟ್ಟಬಹುದಾ ಅಂತ. ಬೇಡ. ಆ ದಾರ ತೀರ ತೆಳು, ಚೆಂಡು ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಟದಲ್ಲಿ ಚೆಂಡು ಬಲೆಯಲ್ಲಿ ಕೂರಬೇಕು, ಸಿಕ್ಕಿಕೊಳ್ಳಬಾರದು.

ಇನ್ನು ಚೆಂಡು. ಇದು ಗಟ್ಟಿ ರಬ್ಬರಿನದು, ಒಳಗೆ ಟೊಳ್ಳಿಲ್ಲ. ಅಡ್ಡಳತೆ ಸುಮಾರು 6.3 ಸೆಂಟಿಮೀಟರ್, ತೂಕ 142ರಿಂದ 149 ಗ್ರಾಂ. ಟೆನಿಸ್ ಚೆಂಡಿನ ಗಾತ್ರಕ್ಕೆ ಹತ್ತಿರ, ಆದರೆ ತೂಕ ಅದರ ಎರಡೂವರೆ ಪಟ್ಟು. ಕ್ರಿಕೆಟ್ ಚೆಂಡು ನಡೆಯುತ್ತದಾ ಎಂಬ ಪ್ರಶ್ನೆಗೆ ಉತ್ತರ: ನಡೆಯುವುದಿಲ್ಲ. ಅದು 7 ಸೆಂಟಿಮೀಟರಿಗಿಂತ ದಪ್ಪ, ತೂಕವೂ 156 ಗ್ರಾಂ ಮೇಲೆ, ಹೊಲಿಗೆ ಬಲೆಯನ್ನು ತಿನ್ನುತ್ತದೆ.

ಇಲ್ಲೊಂದು ಉಪಾಯವಿದೆ. ಬೆನ್ನು, ಮೀನಖಂಡ ತಿಕ್ಕಿಕೊಳ್ಳಲು ಜಿಮ್‌ನವರು ಬಳಸುವ ಮಸಾಜ್ ಬಾಲ್ ನೋಡಿದ್ದೀರಾ? ಅದೂ ಹೆಚ್ಚುಕಮ್ಮಿ ಲಕ್ರಾಸ್ ಚೆಂಡೇ. ಕೆಲವಕ್ಕೆ ಹೆಸರೂ ಅದೇ. ಅಭ್ಯಾಸಕ್ಕೆ ಧಾರಾಳವಾಗಿ ಆಗುತ್ತದೆ. ಕೊಂಡ ಮೇಲೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿ ನೋಡಿ. 100 ಗ್ರಾಂ ತೋರಿಸಿದರೆ ಒಳಗೆ ಟೊಳ್ಳಿದೆ ಎಂದರ್ಥ, ಅಂಥದ್ದು ಬೇಡ. ಮುಳ್ಳು ಮುಳ್ಳಾಗಿರುವುದೂ ಬೇಡ.

ರಕ್ಷಣೆಯ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಪುರುಷರ ಆಟಕ್ಕೆ ಮುಖಜಾಲರಿ ಇರುವ ಹೆಲ್ಮೆಟ್, ದಪ್ಪ ಗ್ಲೌಸ್, ಭುಜ ಮತ್ತು ತೋಳಿನ ಪ್ಯಾಡ್, ಹಲ್ಲಿಗೆ ಮೌತ್‌ಗಾರ್ಡ್, ಜೊತೆಗೆ ಕ್ರಿಕೆಟ್‌ನವರು ಚಡ್ಡಿಯೊಳಗೆ ಹಾಕುವಂಥ ಗಾರ್ಡ್ ಬೇಕು. ಮಹಿಳೆಯರ ಆಟಕ್ಕೆ ಕಣ್ಣಿನ ಜಾಲರಿ ಕನ್ನಡಕ ಮತ್ತು ಮೌತ್‌ಗಾರ್ಡ್ ಮುಖ್ಯ. ಒಬ್ಬರೇ ಗೋಡೆಗೆ ಎಸೆಯುವಾಗಲೂ ಮೌತ್‌ಗಾರ್ಡ್ ಹಾಕಿ, ಗೋಡೆಯಿಂದ ಚೆಂಡು ವಾಪಸ್ ಬರುವ ವೇಗ ನಿಮಗೆ ಇನ್ನೂ ಗೊತ್ತಿಲ್ಲ.

ಮನೆಯಲ್ಲಿರುವ ಕ್ರಿಕೆಟ್ ಹೆಲ್ಮೆಟ್ ಸಾಕಲ್ಲವಾ ಎಂದು ಎಲ್ಲರೂ ಕೇಳುತ್ತಾರೆ. ಸಾಲದು. ಅದರ ಗ್ರಿಲ್‌ನ ಸಂದು ಕ್ರಿಕೆಟ್ ಚೆಂಡು ತೂರದಂತೆ ಅಳತೆ ಮಾಡಿದ್ದು. ಲಕ್ರಾಸ್ ಚೆಂಡು ಅದಕ್ಕಿಂತ ಸಣ್ಣದು, ಆ ಸಂದಿನಲ್ಲಿ ತೂರಿ ಮುಖಕ್ಕೇ ಬರಬಹುದು. ಸರಿಯಾದ ಹೆಲ್ಮೆಟ್ ಬರುವವರೆಗೆ ಜೋಡಿಯಾಗಿ ಎಸೆದಾಡುವಾಗ ಟೆನಿಸ್ ಚೆಂಡು ಬಳಸಿ. ಅದು ಬಲೆಯಿಂದ ಜಾಸ್ತಿ ಪುಟಿಯುತ್ತದೆ, ಕಿರಿಕಿರಿ ಆಗುತ್ತದೆ. ಆದರೆ ಮೂಗು ಉಳಿಯುತ್ತದೆ.

ಕೊನೆಯದಾಗಿ, ಶಾಫ್ಟ್‌ನ ಕೆಳತುದಿ ನೋಡಿ. ಅಲ್ಲಿ ರಬ್ಬರ್ ಮುಚ್ಚಳ ಇರಲೇಬೇಕು. ಮುಚ್ಚಳ ಬಿದ್ದುಹೋದ ಟೊಳ್ಳು ಅಲ್ಯೂಮಿನಿಯಂ ಕೊಳವೆ ಚರ್ಮದ ಮೇಲೆ ಉಂಗುರದ ಹಾಗೆ ಕುಯ್ಯುತ್ತದೆ. ಮುಚ್ಚಳ ಕಳೆದರೆ ಹಾಕಿ ಸ್ಟಿಕ್‌ಗೆ ಸುತ್ತುವ ಟೇಪನ್ನೇ ದಪ್ಪಗೆ ಸುತ್ತಿ ತುದಿ ಮುಚ್ಚಿ.

ಹಂತ 4: ಜೋಳಿಗೆ ಪಳಗಿಸಿ

ಹೊಸ ಕೋಲಿನ ಬಲೆ ಬಿಗಿಯಾಗಿರುತ್ತದೆ, ಚೆಂಡು ಕೂರುವುದಿಲ್ಲ. ಚೆಂಡನ್ನು ಬಲೆಯ ಮಧ್ಯ ಇಟ್ಟು ಹೆಬ್ಬೆರಳಿನಿಂದ ಐದು ನಿಮಿಷ ಒತ್ತಿ ತಿರುಗಿಸಿ. ಆಮೇಲೆ ಚೆಂಡು ಒಳಗಿಟ್ಟೇ ಹಳೆಯ ಶೂ ಲೇಸಿನಿಂದ ಬಿಗಿದು ಒಂದು ರಾತ್ರಿ ಬಿಡಿ. ಅತಿ ಮಾಡಬೇಡಿ. ಪುರುಷರ ಕೋಲನ್ನು ಅಡ್ಡ ಹಿಡಿದಾಗ ಚೆಂಡಿನ ನೆತ್ತಿ ಹೆಡ್‌ನ ಕೆಳ ಅಂಚಿಗಿಂತ ಕೆಳಗೆ ಇಳಿದರೆ ಅದು ನಿಯಮಕ್ಕೆ ವಿರುದ್ಧ. ಆಡುವಾಗ ಚೆಂಡು ಸರಿಯಾಗಿ ಹೊರಗೂ ಬರುವುದಿಲ್ಲ.

ಹಂತ 5: ನೆಲದ ಚೆಂಡು ಎತ್ತಿ

ಹೊರದೇಶದ ಪುಸ್ತಕಗಳು ಎಸೆಯುವುದರಿಂದ ಶುರು ಮಾಡುತ್ತವೆ. ಅವರ ಮೈದಾನದಲ್ಲಿ ಸಮವಾದ ಹುಲ್ಲಿದೆ. ನಮ್ಮದು ದಾವಣಗೆರೆಯಲ್ಲಿ ಎರೆ ಮಣ್ಣಿನ ಹೆಂಟೆ, ಚಿತ್ರದುರ್ಗದಲ್ಲಿ ಗೊರಚು ಕಲ್ಲು. ಹೊಸಬರ ಕೈಯಲ್ಲಿ ಚೆಂಡು ಮುಕ್ಕಾಲು ಹೊತ್ತು ನೆಲದ ಮೇಲೇ ಇರುತ್ತದೆ. ಹಾಗಾಗಿ ನಾನು ಮೊದಲು ಕಲಿಸುವುದು ಇದನ್ನೇ. ಆಟದ ಮಾತಿನಲ್ಲಿ ನೆಲದ ಮೇಲಿನ ಚೆಂಡಿಗೆ ಗ್ರೌಂಡ್ ಬಾಲ್, ಎತ್ತುವುದಕ್ಕೆ ಸ್ಕೂಪ್.

ಎಪಿಎಂಸಿಯಲ್ಲಿ ಮೆಕ್ಕೆಜೋಳದ ರಾಶಿಗೆ ಸಲಿಕೆ ಹಾಕುವ ಹಮಾಲರನ್ನು ಒಮ್ಮೆ ಗಮನಿಸಿ. ಸಲಿಕೆಯನ್ನು ಮೇಲಿನಿಂದ ಕುಕ್ಕುವುದಿಲ್ಲ. ಮೊಣಕಾಲು ಬಗ್ಗಿಸಿ, ಹಿಡಿಯನ್ನು ನೆಲದ ಹತ್ತಿರಕ್ಕೆ ತಂದು, ಅಲಗನ್ನು ನೆಲಕ್ಕೆ ಸವರಿಕೊಂಡು ಒಳಗೆ ನುಗ್ಗಿಸುತ್ತಾರೆ. ಕಾಳು ತಾನೇ ಮೇಲೆ ಹತ್ತುತ್ತದೆ. ಇಲ್ಲೂ ಅಷ್ಟೇ.

ಚೆಂಡಿನ ಕಡೆ ಓಡಿ. ಎರಡೂ ಕೈ ಕೋಲಿನ ಮೇಲಿರಲಿ, ಒಂದು ತುದಿಯಲ್ಲಿ, ಒಂದು ಹೆಡ್‌ಗೆ ಹತ್ತಿರ. ಚೆಂಡಿಗೆ ಒಂದು ಹೆಜ್ಜೆ ಮುಂಚೆಯೇ ಸೊಂಟ ಇಳಿಸಿ. ಸೊಂಟ ಎಂದರೆ ಸೊಂಟ, ಬರೀ ಬೆನ್ನು ಬಗ್ಗಿಸುವುದಲ್ಲ. ಕೋಲನ್ನು ಹೆಚ್ಚುಕಮ್ಮಿ ನೆಲಕ್ಕೆ ಸಮನಾಗಿ ಮಲಗಿಸಿ, ಹೆಡ್‌ನ ಅಂಚು ಚೆಂಡಿನ ಒಂದು ಗೇಣು ಹಿಂದೆ ನೆಲಕ್ಕೆ ತಾಗಲಿ. ನಿಲ್ಲದೆ ಮುಂದಕ್ಕೆ ಓಡುತ್ತಲೇ ಇರಿ. ಚೆಂಡು ಒಳಗೆ ಬಂದ ತಕ್ಷಣ ಕೋಲನ್ನು ಎತ್ತಿ ಕಿವಿಯ ಪಕ್ಕ ನಿಲ್ಲಿಸಿ.

ಇಲ್ಲಿ ಆಗುವ ಎಡವಟ್ಟುಗಳು ಎರಡು. ಹಾಕಿ ಆಡಿ ಬಂದವರು ಚೆಂಡಿನ ಮೇಲೆ ಕೋಲಿಟ್ಟು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಒಬ್ಬರೇ ಇದ್ದಾಗ ಅದು ಸುಲಭ ಅನಿಸುತ್ತದೆ. ಪಕ್ಕದಲ್ಲಿ ಎದುರಾಳಿ ಇದ್ದರೆ ನೀವು ನಿಂತ ಆ ಅರ್ಧ ಸೆಕೆಂಡಿನಲ್ಲಿ ಚೆಂಡು ಅವರದಾಗಿರುತ್ತದೆ.

ಎರಡನೆಯದಕ್ಕೆ ನೋವೂ ಇದೆ. ಕೋಲಿನ ಕೆಳತುದಿಯನ್ನು ಹೊಟ್ಟೆಯ ನೇರಕ್ಕೆ ಹಿಡಿದು ಓಡಿದಾಗ ಹೆಡ್ ಒಂದು ಹೆಂಟೆಗೆ ಸಿಕ್ಕಿಕೊಂಡರೆ ಕೋಲು ಅಲ್ಲೇ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ತುದಿ ಹೊಟ್ಟೆಗೆ ಗುದ್ದುತ್ತದೆ. ನನಗೆ ಮೊದಲ ವಾರದಲ್ಲೇ ಆಯಿತು, ಹತ್ತು ನಿಮಿಷ ಮಾತು ಹೊರಡಲಿಲ್ಲ. ತುದಿ ಯಾವಾಗಲೂ ಸೊಂಟದ ಹೊರಪಕ್ಕದಲ್ಲಿರಲಿ.

ದಿನಕ್ಕೆ ಬಲಗೈ ಮೇಲಿಟ್ಟು 20, ಎಡಗೈ ಮೇಲಿಟ್ಟು 20 ಸಲ ಎತ್ತಿ. ಮೊದಲು ನಿಂತ ಚೆಂಡು, ಆಮೇಲೆ ಉರುಳಿ ದೂರ ಹೋಗುವ ಚೆಂಡು, ಕೊನೆಗೆ ನಿಮ್ಮ ಕಡೆಗೇ ಬರುವ ಚೆಂಡು.

ಹಂತ 6: ತೂಗಿ

ಚೆಂಡು ಬಲೆಯೊಳಗೆ ಬಂತು. ಈಗ ಓಡಿದರೆ ಎರಡೇ ಹೆಜ್ಜೆಗೆ ಕೆಳಗೆ ಬೀಳುತ್ತದೆ. ಬೀಳದಂತೆ ಕೋಲನ್ನು ಅತ್ತಿತ್ತ ತೂಗುವುದಕ್ಕೆ ಕ್ರೇಡ್ಲಿಂಗ್ ಎಂದು ಹೆಸರು, ತೊಟ್ಟಿಲು ತೂಗುವುದು ಎಂದೇ ಅರ್ಥ. ಬಿಂದಿಗೆಗೆ ಹಗ್ಗ ಕಟ್ಟಿ ಗಿರ್ರನೆ ತಿರುಗಿಸಿದರೆ ನೀರು ಚೆಲ್ಲುವುದಿಲ್ಲವಲ್ಲ, ಇಲ್ಲಿ ಚೆಂಡನ್ನು ಒಳಗೆ ಹಿಡಿದಿಡುವುದೂ ಅದೇ ಗುಟ್ಟು.

ಮೇಲಿನ ಕೈಯ ಮಣಿಕಟ್ಟು ಒಳಗೆ ಹೊರಳಬೇಕು, ಮತ್ತೆ ಹೊರಗೆ. ಕೆಳಗಿನ ಕೈ ಸಡಿಲವಾಗಿ ಕೊಳವೆಯ ಹಾಗೆ ಸುತ್ತಿಕೊಂಡಿರಲಿ, ಕೋಲು ಅದರೊಳಗೆ ತಿರುಗಲಿ. ಹೊಸಬರು ಮುಷ್ಟಿ ಬಿಗಿದು ಇಡೀ ತೋಳನ್ನು ಬೀಸಿ ಬೀಸಿ ಸುಸ್ತಾಗುತ್ತಾರೆ. ಬೆರಳಲ್ಲಿ ಹಿಡಿಯಿರಿ, ಅಂಗೈಯಲ್ಲಿ ಅಲ್ಲ.

ಮೊದಲು ನಿಂತು, ಆಮೇಲೆ ನಡೆಯುತ್ತಾ, ಆಮೇಲೆ ಓಡುತ್ತಾ. ಚೆಂಡನ್ನು ನೋಡಬೇಡಿ. ಅದು ಬಲೆಯಲ್ಲಿದೆಯೋ ಇಲ್ಲವೋ ಎಂದು ಕೈಗೆ ತೂಕದಿಂದಲೇ ಗೊತ್ತಾಗಬೇಕು. ಮಕ್ಕಳಿಗೆ ನಾನು ಓಡುತ್ತಲೇ ಅಕ್ಕಪಕ್ಕದ ಬೋರ್ಡ್ ಓದಲು ಹೇಳುತ್ತೇನೆ.

ಹಂತ 7: ಗೋಡೆಯ ಹತ್ತಿರ ಹೋಗಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುತ್ತೀರಾದರೆ ಇದನ್ನು ಓದಿ. ಲಕ್ರಾಸ್ ಆಡುವ ಎಲ್ಲ ಕಡೆಯೂ ಇದಕ್ಕೆ ವಾಲ್ ಬಾಲ್ ಎನ್ನುತ್ತಾರೆ. ಗೋಡೆಗೆ ಎಸೆಯುವುದು, ವಾಪಸ್ ಬಂದದ್ದನ್ನು ಹಿಡಿಯುವುದು. ಕೋಚ್ ಬೇಡ, ಜೊತೆಗಾರ ಬೇಡ.

ಗೋಡೆ ಆರಿಸುವುದೇ ಒಂದು ಕೆಲಸ. ಗಾರೆ ಗಟ್ಟಿಯಿರಬೇಕು. ಹಳೆಯ ಗೋಡೆಗೆ ದಿನಾ ನೂರು ಸಲ ರಬ್ಬರ್ ಚೆಂಡು ಬಡಿದರೆ ಪದರ ಉದುರುತ್ತದೆ, ಮನೆಯವರು ಹೊರಗೆ ಬರುತ್ತಾರೆ. ಕಿಟಕಿ, ನಿಲ್ಲಿಸಿದ ಕಾರು, ಮೀಟರ್ ಬೋರ್ಡ್ ಇರುವ ಗೋಡೆ ಬೇಡ. ಬೆಳಗ್ಗೆ ವಾಕಿಂಗ್ ಮಾಡುವವರು ಹಿಂದೆ ಹಾದುಹೋಗುವ ಜಾಗವೂ ಬೇಡ. ಮೇಲೆ ಚಾವಣಿಯಿಲ್ಲದ ಕಾಂಪೌಂಡ್ ಗೋಡೆಯಾದರೆ ಕನಿಷ್ಠ ಎಂಟಡಿ ಎತ್ತರ ಇರಲಿ, ಇಲ್ಲದಿದ್ದರೆ ಎಸೆದದ್ದಕ್ಕಿಂತ ಆಚೆ ಹೋಗಿ ತಂದದ್ದೇ ಜಾಸ್ತಿ ಆಗುತ್ತದೆ. ಶಾಲೆಯ ಗೋಡೆಯಾದರೆ ಹೆಡ್‌ಮಾಸ್ಟರನ್ನು ಕೇಳಿ, ಜಿಲ್ಲಾ ಕ್ರೀಡಾಂಗಣವಾದರೆ ಕ್ರೀಡಾ ಇಲಾಖೆಯ ಕಚೇರಿಯಲ್ಲಿ ಕೇಳಿ.

ಎಸೆತ ಹೀಗೆ. ಗೋಡೆಯಿಂದ ನಾಲ್ಕೈದು ಮೀಟರ್ ದೂರ ಪಕ್ಕವಾಗಿ ನಿಲ್ಲಿ, ಎದೆ ಗೋಡೆಗೆ ನೇರ ಬೇಡ. ಬಲಗೈ ಮೇಲಿದ್ದರೆ ಎಡಗಾಲು ಮುಂದೆ. ಎರಡೂ ಕೈ ಮೈಯಿಂದ ದೂರ. ಎಡಗಾಲಿನ ಮೇಲೆ ತೂಕ ಹಾಕುತ್ತಾ ಮೇಲಿನ ಕೈಯನ್ನು ಮುಂದಕ್ಕೆ ತಳ್ಳಿ, ಅದೇ ಹೊತ್ತಿಗೆ ಕೆಳಗಿನ ಕೈಯನ್ನು ನಿಮ್ಮ ಕಡೆಗೆ ಎಳೆಯಿರಿ. ಈ ತಳ್ಳು ಮತ್ತು ಎಳೆ ಜೊತೆಗೇ ಆಗಬೇಕು. ಎಸೆದು ಮುಗಿದಾಗ ಹೆಡ್ ಗುರಿಯ ಕಡೆ ಬೆರಳು ತೋರಿಸಿದ ಹಾಗಿರಬೇಕು.

ಚೆಂಡು ಆಕಾಶಕ್ಕೆ ಹಾರಿದರೆ ನೀವು ಬರೀ ಮೇಲಿನ ಕೈಯಿಂದ ತಳ್ಳುತ್ತಿದ್ದೀರಿ, ಹೆಡ್ ಮುಂದಕ್ಕೆ ಮಡಚುತ್ತಿಲ್ಲ. ಚೆಂಡು ನಿಮ್ಮ ಕಾಲ ಮುಂದೆಯೇ ನೆಲಕ್ಕೆ ಬಡಿದರೆ ತಪ್ಪು ನಿಮ್ಮದಾಗಿರಬಹುದು, ಬಲೆಯದೂ ಆಗಿರಬಹುದು. ಹೆಡ್‌ನ ಮೇಲ್ಭಾಗದಲ್ಲಿ ಅಡ್ಡಡ್ಡ ಹೋಗಿರುವ ದಪ್ಪ ದಾರಗಳಿವೆಯಲ್ಲ, ಅವಕ್ಕೆ ಶೂಟಿಂಗ್ ಸ್ಟ್ರಿಂಗ್ ಎನ್ನುತ್ತಾರೆ. ಅವು ತೀರ ಬಿಗಿಯಾಗಿದ್ದರೆ ಚೆಂಡು ಅಲ್ಲಿ ತಡೆದು ತಡವಾಗಿ ಹೊರಡುತ್ತದೆ. ಸ್ವಲ್ಪ ಸಡಿಲಿಸಿ ನೋಡಿ. ಒಂದು ಸಲಕ್ಕೆ ಒಂದೇ ದಾರ, ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಯಾವುದು ಕಾರಣ ಎಂದೇ ತಿಳಿಯುವುದಿಲ್ಲ. ಇನ್ನೊಂದು ಮಾತು: ಮಳೆಯಲ್ಲಿ ನೆನೆದ ಬಲೆಯ ನಡವಳಿಕೆಯೇ ಬೇರೆ, ಅದು ಒಣಗುವವರೆಗೆ ದಾರ ಮುಟ್ಟಬೇಡಿ.

ಹಿಡಿಯುವುದು ಎಸೆಯುವುದಕ್ಕಿಂತ ಕಷ್ಟ. ಮನೆ ಕಟ್ಟುವ ಕಡೆ ಕೆಳಗಿನವನು ಇಟ್ಟಿಗೆ ಎಸೆಯುತ್ತಾನೆ, ಸಾರುವೆ ಮೇಲೆ ನಿಂತವನು ಹಿಡಿಯುತ್ತಾನೆ. ಅವನ ಕೈ ನೋಡಿ. ಇಟ್ಟಿಗೆಗೆ ಎದುರಾಗಿ ಹೋಗುವುದಿಲ್ಲ, ಇಟ್ಟಿಗೆಯ ಜೊತೆಗೇ ಒಂದಿಷ್ಟು ಹಿಂದೆ ಸರಿಯುತ್ತದೆ. ಇಲ್ಲೂ ಹೆಡ್ ಭುಜದ ಮುಂದೆ ಎತ್ತಿ ನಿಂತಿರಲಿ, ಚೆಂಡು ತಾಗುವ ಹೊತ್ತಿಗೆ ಕಿವಿಯ ಕಡೆಗೆ ಮೆಲ್ಲಗೆ ಹಿಂದೆ ಬರಲಿ. ಚೆಂಡಿಗೆ ಬಲೆಯನ್ನು ಬಡಿದರೆ ಟೆನಿಸ್ ರಾಕೆಟ್ ತರಹ ಪುಟಿದು ಹೋಗುತ್ತದೆ.

ಶುರುವಿನಲ್ಲಿ ದಿನಕ್ಕೆ 50 ಬಲಗೈ, 50 ಎಡಗೈ. ಎಡಗೈ ನಾಳೆ ನೋಡೋಣ ಎನ್ನುವವರೇ ಎಲ್ಲ. ಮ್ಯಾಚ್‌ನಲ್ಲಿ ಎದುರಾಳಿ ಹತ್ತೇ ನಿಮಿಷದಲ್ಲಿ ನಿಮ್ಮ ಒಂದೇ ಕೈ ಆಟವನ್ನು ಕಂಡುಹಿಡಿದು ಆ ಪಕ್ಕವನ್ನು ಮುಚ್ಚಿಬಿಡುತ್ತಾನೆ. ಸಮಯ ಕಮ್ಮಿಯಿದ್ದರೆ ಬಲಗೈಯದನ್ನೇ ಕಮ್ಮಿ ಮಾಡಿ. 20 ಎಸೆತದಲ್ಲಿ 15 ಬಲೆಗೆ ವಾಪಸ್ ಬಂದರೆ, ಎರಡೂ ಕೈಯಲ್ಲಿ, ಮುಂದಿನ ಹಂತಕ್ಕೆ ಹೋಗಿ. ಹೆಚ್ಚಿನವರಿಗೆ ಮೂರ್ನಾಲ್ಕು ವಾರ ಬೇಕು.

ಹಂತ 8: ಜೋಡಿಯಾಗಿ ಆಡಿ, ತಪ್ಪಿಸಿಕೊಳ್ಳುವುದು ಕಲಿಯಿರಿ

10 ಮೀಟರ್ ದೂರದಲ್ಲಿ ಇಬ್ಬರು ನಿಂತು ಎಸೆದಾಡಿ. ಹೆಲ್ಮೆಟ್ ಅಥವಾ ಕಣ್ಣಿನ ಜಾಲರಿ ಇಲ್ಲದೆ ಗಟ್ಟಿ ಚೆಂಡು ಬೇಡ ಎಂದು ಮತ್ತೊಮ್ಮೆ ಹೇಳುತ್ತೇನೆ. ಜೊತೆಗಾರ ಹೆಡ್ ಎತ್ತಿ ತೋರಿಸಿದ ಮೇಲೆಯೇ ಎಸೆಯಿರಿ.

ಎದುರಾಳಿಯನ್ನು ದಾಟುವುದಕ್ಕೆ ಡಾಡ್ಜ್ ಎನ್ನುತ್ತಾರೆ. ಕಬಡ್ಡಿ, ಖೊ ಖೊ ಆಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ, ಕಾಲು ಆಗಲೇ ಕಲಿತಿದೆ. ಒಂದು ಕಡೆ ಹೋಗುವ ಹಾಗೆ ಮಾಡಿ ಇನ್ನೊಂದು ಕಡೆ ನುಗ್ಗುವಾಗ ಕೋಲನ್ನೂ ಕೈ ಬದಲಿಸಿ, ಎದುರಾಳಿಯಿಂದ ದೂರದ ಪಕ್ಕಕ್ಕೆ ಒಯ್ಯಿರಿ. ಅಷ್ಟೇ ಹೊಸದು.

ಹಂತ 9: ಈಗ ಮ್ಯಾಚ್

ಮೂರು ಮೂರು ಜನರ ಆಟದಿಂದ ಶುರು ಮಾಡಿ. ಗೋಲಿನ ಬಾಯಿ ಆರಡಿ ಅಗಲ, ಆರಡಿ ಎತ್ತರದ ಚೌಕ. ವೆಲ್ಡಿಂಗ್ ಅಂಗಡಿಯಲ್ಲಿ ಜಿಐ ಪೈಪಿನಿಂದ ಮಾಡಿಸಬಹುದು. ಬಲೆಯ ಕಣ್ಣು ಚೆಂಡಿಗಿಂತ ಸಾಕಷ್ಟು ಚಿಕ್ಕದಿರಬೇಕು, ಕ್ರಿಕೆಟ್ ನೆಟ್ ಕಟ್ಟುವವರಲ್ಲಿ ಚೆಂಡು ಒಯ್ದು ತೋರಿಸಿ ಆರಿಸಿ. ಮಾಡಿಸುವವರೆಗೆ ಎರಡು ಬ್ಯಾಗ್ ಇಟ್ಟರೂ ನಡೆಯುತ್ತದೆ.

ಗೋಲಿನ ಸುತ್ತ ಸುಮಾರು 3 ಮೀಟರ್ ತ್ರಿಜ್ಯದ ಒಂದು ವೃತ್ತ ಎಳೆಯಿರಿ. ಇದಕ್ಕೂ ಕ್ರೀಸ್ ಎಂದೇ ಹೆಸರು, ಆದರೆ ಅರ್ಥ ಕ್ರಿಕೆಟ್‌ಗಿಂತ ಪೂರ್ತಿ ಉಲ್ಟಾ. ಎದುರು ತಂಡದವರು ಇದರೊಳಗೆ ಕಾಲಿಡುವಂತಿಲ್ಲ. ಗೋಲಿನ ಹಿಂದೆಯೂ ಮೈದಾನ ಇದೆ ಎಂಬುದು ಇನ್ನೊಂದು ವಿಶೇಷ. ಗೋಲಿನ ಹಿಂಬದಿಯಿಂದಲೂ ಪಾಸ್ ಕೊಟ್ಟು ಆಡಬಹುದು. ಫುಟ್‌ಬಾಲ್ ನೋಡಿ ಬೆಳೆದವರು ಇದನ್ನು ಮರೆತು ಹಿಂದಿನ ಜಾಗವನ್ನು ಸುಮ್ನೆ ಬಿಟ್ಟಿರುತ್ತಾರೆ.

ಆಟ ಶುರುವಾಗುವ ರೀತಿಗೆ ಪುರುಷರಲ್ಲಿ ಫೇಸ್-ಆಫ್ ಎನ್ನುತ್ತಾರೆ. ನೆಲದ ಮೇಲಿಟ್ಟ ಚೆಂಡಿಗೆ ಇಬ್ಬರು ಕುಕ್ಕುರು ಕೂತು ಪೈಪೋಟಿ ಮಾಡುತ್ತಾರೆ. ಮಹಿಳೆಯರಲ್ಲಿ ಅದು ಡ್ರಾ. ನಿಂತುಕೊಂಡು ಎರಡು ಕೋಲಿನ ಮಧ್ಯೆ ಚೆಂಡಿಟ್ಟು ಮೇಲಕ್ಕೆ ಹಾರಿಸುತ್ತಾರೆ. ಸಿಕ್ಸಸ್‌ನಲ್ಲಿ ಪ್ರತಿ ಅವಧಿಯ ಆರಂಭದಲ್ಲಿ ಮಾತ್ರ ಇದು ನಡೆಯುತ್ತದೆ. ಗೋಲಾದ ಮೇಲೆ ಕೀಪರ್ ಬಲೆಯಿಂದ ಚೆಂಡು ತೆಗೆದು ತಕ್ಷಣ ಆಟ ಮುಂದುವರಿಸುತ್ತಾರೆ. ಗೋಲು ಹೊಡೆದು ಕುಣಿಯುತ್ತಾ ನಿಂತರೆ ಆ ಕಡೆ ನಿಮ್ಮ ಮೇಲೆಯೇ ಗೋಲಾಗಿರುತ್ತದೆ. ಬದಲಿ ಆಟಗಾರರು ಆಟ ನಿಲ್ಲಿಸದೆಯೇ ಒಳಗೆ ಹೊರಗೆ ಹೋಗಬಹುದು. ತಂಡಕ್ಕೆ 12 ಜನರಿಗೆ ಅವಕಾಶ, ಆರು ಆಡುವವರು, ಆರು ಕಾಯುವವರು. ಮೊದಲ ವಾರ ಶಾಟ್ ಕ್ಲಾಕ್ ಬೇಡ, ಹೊರಗೆ ಕೂತವರು ಆಮೇಲೆ ಮೊಬೈಲ್‌ನಲ್ಲಿ 30 ಎಣಿಸಲಿ.

ಎದುರಾಳಿಯ ಕೋಲಿಗೆ ನಿಮ್ಮ ಕೋಲು ತಾಗಿಸಿ ಚೆಂಡು ಬೀಳಿಸುವುದಕ್ಕೆ ಚೆಕ್ ಎನ್ನುತ್ತಾರೆ. ಪುರುಷರ ಆಟದಲ್ಲಿ ಕೋಲಿಗೆ ಮತ್ತು ಕೋಲು ಹಿಡಿದ ಗ್ಲೌಸಿಗೆ ತಟ್ಟಬಹುದು, ಮೈಗೆ ಬೀಸಿ ಹೊಡೆದರೆ ತಪ್ಪು, ಸ್ವಲ್ಪ ಹೊತ್ತು ಹೊರಗೆ ಕೂರಬೇಕು. ಆ ಹೊತ್ತು ನಿಮ್ಮ ತಂಡ ಒಬ್ಬರು ಕಮ್ಮಿಯಾಗಿಯೇ ಆಡಬೇಕು. ಚಿತ್ರದುರ್ಗದ ಹುಡುಗರಿಗೆ ನಾನು ಒಂದೇ ಮಾತು ಹೇಳುತ್ತೇನೆ: ಓಬವ್ವನ ಹೆಸರಿನ ಕ್ರೀಡಾಂಗಣದಲ್ಲಿ ಆಡಿ, ಕೋಲನ್ನು ಮಾತ್ರ ಒನಕೆ ಮಾಡಬೇಡಿ.

ಕೀಪರ್ ವಿಷಯದಲ್ಲಿ ರಾಜಿ ಇಲ್ಲ. ದೊಡ್ಡ ಮಟ್ಟದ ಆಟಗಾರರ ಎಸೆತ ಗಂಟೆಗೆ 160 ಕಿಲೋಮೀಟರ್ ದಾಟುತ್ತದೆ. ನಿಮ್ಮ ಹುಡುಗರದು ಅದರ ಅರ್ಧವೇ ಇರಲಿ. ಎದೆಗೆ, ಹೃದಯದ ನೇರಕ್ಕೆ, ಕೆಟ್ಟ ಗಳಿಗೆಯಲ್ಲಿ ಬಿದ್ದ ಚೆಂಡು ಹೃದಯದ ಬಡಿತವನ್ನೇ ನಿಲ್ಲಿಸಬಹುದು. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಈ ಅಪಾಯ ಹೆಚ್ಚು. ಹೆಲ್ಮೆಟ್, ಗಂಟಲಿನ ಗಾರ್ಡ್, ಎದೆಯ ಪ್ಯಾಡ್ ಮೂರೂ ಇಲ್ಲದೆ ಯಾರನ್ನೂ ಗೋಲಿನಲ್ಲಿ ನಿಲ್ಲಿಸಬೇಡಿ. ಖಾಲಿ ಗೋಲಿಗೆ ಹಳೆಯ ಬೈಕ್ ಟೈರ್ ಒಂದನ್ನು ನೇತುಹಾಕಿ, ಅದರೊಳಗೆ ಹೋದರೆ ಮಾತ್ರ ಗೋಲು ಎಂದು ಆಡಿ. ಗುರಿಯೂ ಕೂರುತ್ತದೆ. ಎದೆಗೆ ಏಟು ಬಿದ್ದು ಯಾರಾದರೂ ಕುಸಿದರೆ ನೀರು ಚಿಮುಕಿಸುತ್ತಾ ಕೂರಬೇಡಿ. ಉಸಿರಾಟ ಇಲ್ಲದಿದ್ದರೆ ಒಬ್ಬರು ಎದೆ ಒತ್ತಲು ಶುರು ಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಿ. ತಂಡದಲ್ಲಿ ಇಬ್ಬರಾದರೂ ಸಿಪಿಆರ್ ಕಲಿತಿರಲಿ.

ಏಪ್ರಿಲ್, ಮೇ ತಿಂಗಳಲ್ಲಿ ಹೆಲ್ಮೆಟ್ ಹಾಕಿ ಮಧ್ಯಾಹ್ನ ಆಡುವ ಸಾಹಸ ಬೇಡ. ಬೆಳಗ್ಗೆ ಎಂಟಕ್ಕೆ ಮುಗಿಸಿ, ಇಲ್ಲವೇ ಸಂಜೆ ಐದರ ಮೇಲೆ ಬನ್ನಿ. ಮಳೆಗಾಲದಲ್ಲಿ ಎರೆ ಮಣ್ಣು ಶೂಗೆ ಮೆತ್ತಿ ಕಾಲು ಎತ್ತಲಾಗುವುದಿಲ್ಲ, ಆ ದಿನಗಳಲ್ಲಿ ಗೋಡೆಯೇ ಗತಿ. ಚೆಂಡಿಗೆ ಅಂಟಿದ ಮಣ್ಣು ತೊಳೆದು ಒಣಗಿಸಿ. ಬಳಸುತ್ತಾ ಬಳಸುತ್ತಾ ಅದು ನುಣ್ಣಗಾಗಿ ಬಲೆಯಿಂದ ಜಾರತೊಡಗುತ್ತದೆ, ಆಗ ಅದನ್ನು ಮಸಾಜ್‌ಗೆ ಇಟ್ಟುಕೊಳ್ಳಿ. ಕತ್ತಲಾಗುವುದಕ್ಕೆ ಹತ್ತು ನಿಮಿಷ ಮುಂಚೆಯೇ ಆಟ ನಿಲ್ಲಿಸಿ ಚೆಂಡುಗಳನ್ನು ಎಣಿಸಿ. ಜಾಲಿ ಪೊದೆಯೊಳಗೆ ಹೋದ ಚೆಂಡು ಟಾರ್ಚ್ ಬೆಳಕಿಗೆ ಸಿಗುವುದಿಲ್ಲ.